ಮೆಟ್ಟಿಲ ಮೇಲಿನ ಮೂವರು

ಸಾಲ್ಟ್ ಲೇಕಿನ ಆಫೀಸಿನಲ್ಲಿ ಸಮೀಕ್ಷಾಳಿಗೆ ಸಿಕ್ಕಿದ್ದು ಫೋಟೋ ಚೊಕ್ಕ ಮಾಡುವ ಕೆಲಸ. ಯುರೋಪಿನ ಪ್ರವಾಸದ ಕಂಪನಿಯೊಂದು ತನ್ನ ಪುಸ್ತಿಕೆಗೆಂದು ಫೋಟೋ ಕಳಿಸುತ್ತಿತ್ತು. ಅದರಲ್ಲಿ ಕಾಣಬಾರದ್ದನ್ನು ಇವಳು ಕಂಪ್ಯೂಟರಿನಲ್ಲಿ ಅಳಿಸಬೇಕು. ಕಸದ ಡಬ್ಬಿ, ಕರೆಂಟಿನ ತಂತಿ, ಗೋಡೆಯ ಮೇಲಿನ ಗೀಚು. ಆಮೇಲೆ ಜನ. ಎಲ್ಲರೂ ಅಲ್ಲ, ಐಸ್‌ಕ್ರೀಮ್ ತಿನ್ನುವವರು ಇರಬಹುದು. ಸಮುದ್ರ ದಾಟಿ ಬಂದು, ನೆಲೆಯಿಲ್ಲದೆ ಚರ್ಚಿನ ಮೆಟ್ಟಿಲ ಮೇಲೆ ಕೂತ ನಿರಾಶ್ರಿತರು ಇರಕೂಡದು.

ಆ ಮಳೆಗಾಲವೆಲ್ಲ ಒಂದೇ ಊರಿನ ಫೋಟೋಗಳು ಬಂದವು. ಒಂದು ಸಂಸಾರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು: ತಲೆಗೆ ನೀಲಿ ಬಟ್ಟೆ ಕಟ್ಟಿದ ಹೆಂಗಸು, ಅವಳ ಗಂಡ, ಒಬ್ಬ ಪುಟ್ಟ ಹುಡುಗಿ. ಅಳಿಸಬೇಕಾದರೆ ಚಿತ್ರವನ್ನು ದೊಡ್ಡದು ಮಾಡಿ, ಕೂದಲ ಅಂಚಿನವರೆಗೂ ನೋಡಬೇಕು. ಹಾಗಾಗಿ ಆ ಮೂವರನ್ನು ಸಮೀಕ್ಷಾಳಷ್ಟು ಹತ್ತಿರದಿಂದ ನೋಡಿದವರು ಆ ಊರಿನಲ್ಲೂ ಇರಲಿಲ್ಲವೇನೋ.

ಬೆಹಾಲಾದ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಅಮ್ಮನಿಗೆ ಅವರ ಸುದ್ದಿ ಹೇಳುತ್ತಿದ್ದಳು. ಹುಡುಗಿಯ ಮುಂದಿನ ಹಲ್ಲು ಬಿದ್ದಿದೆ, ಯಾರೋ ಅವಳಿಗೆ ಕೆಂಪು ಸ್ವೆಟರ್ ಕೊಟ್ಟಿದ್ದಾರೆ, ತೋಳು ಉದ್ದವಾಗಿದೆ. ಗಂಡನ ರೈಲ್ವೆ ನೌಕರಿಯ ಹಿಂದೆ ಮೈಸೂರಿನಿಂದ ಬಂಗಾಳಿಗಳ ಈ ಊರಿಗೆ ಬಂದಿದ್ದ ರುಕ್ಮಿಣಮ್ಮನಿಗೆ ಮಾತಾಡುವ ಜನ ಕಡಿಮೆ. ಈ ಮೂವರನ್ನು ಅವರು ಪಕ್ಕದ ಮನೆಯವರಂತೆ ಹಚ್ಚಿಕೊಂಡರು. ಸ್ವೆಟರಿನ ತೋಳು ಮಡಿಸುವುದು ಆ ತಾಯಿಗೆ ತಿಳಿಯದೇ ಎಂದು ಗೊಣಗುವರು. ಮಗಳ ಕೆಲಸವೆಂದರೆ, ತಮ್ಮ ಮದುವೆಯ ಫೋಟೋದಲ್ಲಿ ಸ್ಟುಡಿಯೋದವನು ಸಿಡುಬಿನ ಕಲೆ ತಿದ್ದಿದ ಹಾಗೆ ಎಂದೇ ಅವರು ತಿಳಿದಿದ್ದರು. ಸಮೀಕ್ಷಾ ಅಲ್ಲ ಎನ್ನಲಿಲ್ಲ. ನಿಜ ಗೊತ್ತಾದರೆ ಅಮ್ಮ ತನ್ನನ್ನು ಹೇಗೆ ನೋಡುವಳೋ ಎಂಬ ಅಂಜಿಕೆ ಮಾತ್ರ ದಿನೇ ದಿನೇ ಬೆಳೆಯಿತು.

ಯಂತ್ರಗಳನ್ನು ಪೂಜಿಸುವ ವಿಶ್ವಕರ್ಮ ಪೂಜೆ ಬಂತು. ಆಫೀಸಿನಲ್ಲಿ ಕಂಪ್ಯೂಟರುಗಳಿಗೆಲ್ಲ ಚೆಂಡುಹೂವಿನ ಹಾರ, ನೌಕರರ ಮನೆಯವರಿಗೆಲ್ಲ ಖಿಚುಡಿ ಊಟ. ಬಸ್ಸು ತುಂಬಿರುತ್ತದೆ, ಮಂಡಿ ನೋಯುತ್ತದೆ ಎಂದು ಮಗಳು ಎಷ್ಟು ಹೇಳಿದರೂ ರುಕ್ಮಿಣಮ್ಮ ರೇಷ್ಮೆ ಸೀರೆ ಉಟ್ಟು ಹೊರಟೇಬಿಟ್ಟರು. ಬಂದವರೇ ಮಗಳ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರು.

"ಎಲ್ಲೇ ನನ್ನ ಹುಡುಗಿ? ತೋರಿಸು."

ಅಳಿಸುವ ಮೊದಲಿನ ಫೋಟೋವನ್ನೇ ತೋರಿಸಿ ಸುಮ್ಮನಾಗಬಹುದಿತ್ತು. ಆದರೆ ಅಮ್ಮನ ಎದುರು ಇನ್ನೊಂದು ದಿನ ಅನ್ನ ಕಲಸುತ್ತ ಆ ಕತೆ ಹೇಳಲಾರೆ ಎನಿಸಿತು. ಸಮೀಕ್ಷಾ ಚೊಕ್ಕ ಮಾಡಿದ ಚಿತ್ರ ತೆರೆದಳು. ಬಿಸಿಲು, ಪಾರಿವಾಳ, ಬರಿದಾದ ಮೆಟ್ಟಿಲು.

"ಇವತ್ತು ಬಂದಿಲ್ವಾ?"

"ಬಂದಿದ್ರಮ್ಮ. ನಾನೇ ತೆಗೆದೆ. ನನ್ನ ಕೆಲಸವೇ ಅದು." ಪಕ್ಕದಲ್ಲಿ ಮೊದಲಿನ ಚಿತ್ರವನ್ನೂ ತೆರೆದಳು.

ರುಕ್ಮಿಣಮ್ಮ ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಎದ್ದು ಹೊರಟೇ ಹೋಗುತ್ತಾರೆ ಎಂದುಕೊಂಡಳು ಸಮೀಕ್ಷಾ. ಅವರು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು.

"ಅವರಿಗೆ ಗೊತ್ತೇನೇ?"

"ಇಲ್ಲ."

"ತೆಗೀವಾಗ ನಿಂಗೇನೂ ಅನ್ಸಲ್ವಾ?"

"ಮಗೂನ ಎಲ್ಲಕ್ಕಿಂತ ಕೊನೇಲಿ ತೆಗೀತೀನಿ."

ರುಕ್ಮಿಣಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟರು. ಕೈ ಅಲ್ಲೇ ಇತ್ತು.

ಅಷ್ಟರಲ್ಲಿ ವಿಭಾಗದ ಹಿರಿಯಳು ಶೋಭನಾ, ಎಲ್ಲರೂ ಅಕ್ಕ ಎಂಬರ್ಥದಲ್ಲಿ ಶೋಭನಾದಿ ಎನ್ನುವವಳು, ಕ್ಯಾಮೆರಾ ಹಿಡಿದು ಬಂದಳು. ಅವತ್ತು ಎಲ್ಲರೂ ತಂತಮ್ಮ ಯಂತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ರುಕ್ಮಿಣಮ್ಮ ತಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದಿಯಲ್ಲಿ, ನಮ್ಮ ಐದು ಜನರದ್ದೂ ಒಂದು ತೆಗಿ ಎಂದರು. ಐದು ಜನ ಎಲ್ಲಿ ಎಂದು ಶೋಭನಾ ಸುತ್ತ ನೋಡಿ, ಪರದೆಯ ಮೇಲಿನ ಮೂವರನ್ನು ಕಂಡು ತಡೆದು ನಿಂತಳು. ಗಿರಾಕಿಯ ಚಿತ್ರ ಹೊರಗೆ ಹೋಗಬಾರದೆಂಬ ನಿಯಮವಿತ್ತು. ಪೂಜೆಯ ದಿನ ಕಂಪ್ಯೂಟರಿನ ಫೋಟೋ ತೆಗೆಯಬಾರದು ಎಂದು ಯಾರೂ ಹೇಳಿಲ್ಲ, ಮಾಶಿಮಾ, ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು, ನಕ್ಕು ಗುಂಡಿ ಒತ್ತಿದಳು.

ಫ್ಲ್ಯಾಶ್ ಪರದೆಗೆ ಬಡಿದು, ಫೋಟೋದಲ್ಲಿ ಮೂವರಿದ್ದ ಕಡೆ ಬಿಳಿ ಬೆಳಕು ಮಾತ್ರ ಬಿದ್ದಿತ್ತು. ರುಕ್ಮಿಣಮ್ಮ ಕ್ಯಾಮೆರಾ ಇಸಿದುಕೊಂಡು ನೋಡಿದರು.

"ಇಲ್ಲೂ ಹೋದ್ರಲ್ಲ. ಇನ್ನೊಂದ್ಸಲ ತೆಗೀಲಿ."

ಶೋಭನಾ ಫ್ಲ್ಯಾಶ್ ಆರಿಸಿ, ಮೇಜಿಗೆ ಮೊಣಕೈ ಊರಿದಳು. ಬೆಳಕು ಕಡಿಮೆ, ಯಾರೂ ಅಲ್ಲಾಡಬಾರದು ಎಂದಳು. ರುಕ್ಮಿಣಮ್ಮ ಪರದೆಯ ಮೇಲಿಳಿದ ಹಾರವನ್ನು ಸರಿಸಿ, ಸೆರಗು ಒಳಕ್ಕೆಳೆದುಕೊಂಡರು.

"ಸಮೀ, ಒಂಚೂರು ಆ ಕಡೆ ಸರ್ಕೊಳ್ಳೇ. ಮಗು ಕಾಣಲ್ಲ."

ಸಮೀಕ್ಷಾ ಜರುಗಿ ನಿಂತಳು.