ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಸೈಕಲ್ಲು

ಸೈಕಲ್ ಅಂಗಡಿಗೆ ಬರುವವರಲ್ಲಿ ಎರಡು ಥರ. ಕೆಟ್ಟ ಸೈಕಲ್ಲನ್ನು ತಳ್ಳಿಕೊಂಡು ಬರುವವರು ಒಂದು ಥರ. ಚೆನ್ನಾಗಿರುವ ಸೈಕಲ್ಲನ್ನೇ ಓಡಿಸಿಕೊಂಡು ಬಂದು ಟ್ಯೂಬೋ, ಬೆಲ್ಲೋ, ಬ್ರೇಕ್ ರಬ್ಬರೋ ಕೊಂಡು ಹೋಗುವವರು ಇನ್ನೊಂದು ಥರ. ಮೊದಲನೆಯವರ ಸೈಕಲ್ಲು ಈ ಅಂಗಡಿಯ ಎಡಗಡೆ ಗೋಡೆಗೆ ಒರಗುತ್ತಿತ್ತು. ಎರಡನೆಯವರಿಗೆಂದು ಬಲಗಡೆ ಏಳು ಗಾಲಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡು ಇತ್ತು, ಅದರ ಮೇಲೆ ‘ಗಿರಾಕಿಗಳ ಸೈಕಲ್ಲಿಗೆ ಮಾತ್ರ’ ಎಂಬ ಹಲಗೆ. ಎಡಗಡೆಯದು ಕೆಲಸಕ್ಕೆ, ಬಲಗಡೆಯದು ನಿಲ್ಲಿಸುವುದಕ್ಕೆ. ಇಷ್ಟು ಸರಳವಾದ ಏರ್ಪಾಡು ಕೆಡುವುದಕ್ಕೆ ಕಾರಣವೇ ಇರಲಿಲ್ಲ, ಅಂಗಡಿಯವನ ಕೈ ಸುಮ್ಮನಿದ್ದಿದ್ದರೆ.

ಅವನ ಕೈ ಸುಮ್ಮನಿರುತ್ತಿರಲಿಲ್ಲ. ಗಾಲಿ ನೆಟ್ಟಗಿರಬೇಕು, ಹ್ಯಾಂಡಲ್ ನೆಟ್ಟಗಿರಬೇಕು, ಕೂತವನ ಬೆನ್ನು ನೆಟ್ಟಗಿರಬೇಕು ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳಿ ಹೇಳಿ ಬೀದಿಯಲ್ಲಿ ಅವನಿಗೆ ‘ನೆಟ್ಟಗಣ್ಣ’ ಎಂಬ ಹೆಸರೇ ನಿಂತುಬಿಟ್ಟಿತ್ತು. ಸ್ಟ್ಯಾಂಡಿನಲ್ಲಿ ನಿಂತ ಸೈಕಲ್ಲಿನ ಮಡ್‌ಗಾರ್ಡ್ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡುತ್ತಿದ್ದ. ಚೈನು ಒಣಗಿದ್ದರೆ ಎರಡು ಹನಿ ಎಣ್ಣೆ ಬಿಡುತ್ತಿದ್ದ. ಗಿರಾಕಿ ಒಳಗೆ ಬೆಲ್ಲು ಆರಿಸುವಷ್ಟರಲ್ಲಿ ಹೊರಗೆ ಹಿಂದಿನ ಗಾಲಿಯ ಬೆಂಡು ತೆಗೆದಿರುತ್ತಿದ್ದ. ಕೇಳುತ್ತಲೂ ಇರಲಿಲ್ಲ, ಹೇಳುತ್ತಲೂ ಇರಲಿಲ್ಲ, ಒಂದು ಕಾಸು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಗಿರಾಕಿ ಸೈಕಲ್ ಹತ್ತಿ ಹತ್ತು ಮಾರು ಹೋಗಿ, ಅರೆ ಎಂದು ತಿರುಗಿ ನೋಡುತ್ತಾನಲ್ಲ, ಆ ನೋಟವೇ ಅವನಿಗೆ ಊಟ.

ಗಲ್ಲಾದಲ್ಲಿ ಕೂರುತ್ತಿದ್ದ ಅವನ ಹೆಂಡತಿಗೆ ಇದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

“ರೀ, ಅದು ನಿಲ್ಲಿಸೋಕೆ ಇರೋ ಜಾಗ. ಜನ ನಂಬಿ ನಿಲ್ಲಿಸಿ ಬರ್ತಾರೆ. ಕೇಳದೆ ಯಾಕೆ ಕೈ ಹಾಕ್ತೀರಿ?”

“ಒಳ್ಳೇದು ಮಾಡೋಕೂ ಅಪ್ಪಣೆ ಬೇಕೇನೇ?”

“ಬೇಕು. ಮನೆಗೆ ಬಂದವರ ತಲೆ ಕೆದರಿದೆ ಅಂತ ನೀವೇ ಬಾಚಣಿಗೆ ತಗೊಂಡು ಬಾಚ್ತೀರಾ?”

ಅವನು ನಗುತ್ತಿದ್ದ. ಇಪ್ಪತ್ತಾರು ವರ್ಷದಿಂದ ಇದೇ ಮಾತು, ಇದೇ ನಗು. ಈ ಅವಧಿಯಲ್ಲಿ ಯಾರೊಬ್ಬರೂ ಬಂದು ಜಗಳವಾಡಿರಲಿಲ್ಲವಾದ್ದರಿಂದ ತಾನು ಮಾಡುವುದೇ ಸರಿ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಮನುಷ್ಯ ಕೆಡುವುದೇ ಹೀಗೆ.

ಆ ವರ್ಷ ಅಂಗಡಿಗೆ ಒಬ್ಬ ಹೊಸ ಗಿರಾಕಿ ಬರತೊಡಗಿದರು. ಗ್ರಂಥಾಲಯ ನೋಡಿಕೊಳ್ಳುವವರು, ಎಲ್ಲರೂ ಲೈಬ್ರರಿ ಸರ್ ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರದ ಆಳು. ಅಂಥವರು ಓಡಿಸುತ್ತಿದ್ದದ್ದು ಮಾತ್ರ ಒಂದು ಪುಟ್ಟ ಲೇಡೀಸ್ ಸೈಕಲ್ಲು, ಅದರ ಸೀಟೋ ತೀರಾ ಕೆಳಗೆ. ಕೂತರೆ ಎರಡು ಮೊಣಕಾಲೂ ಆಚೆ ಈಚೆ ಚಾಚಿಕೊಂಡು ಎದೆಯ ಮಟ್ಟಕ್ಕೆ ಬರುತ್ತಿದ್ದವು. ಬೀದಿಯ ಮಕ್ಕಳು ನಗುತ್ತಿದ್ದರು. ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಅಂಗಡಿಗೆ ಬಂದು ಸ್ಟ್ಯಾಂಡಿನ ಕೊನೆಯ ಸಂದಿನಲ್ಲಿ ಸೈಕಲ್ಲು ನಿಲ್ಲಿಸಿ, ಕರವಸ್ತ್ರದಿಂದ ಸೀಟು ಒರೆಸಿ, ಬೇಕಾದ ಸಾಮಾನು ಕೊಂಡು ಹೋಗುತ್ತಿದ್ದರು. ರಿಪೇರಿಗೆಂದು ಒಂದು ಸಲವೂ ಬಿಟ್ಟವರಲ್ಲ. ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು.

ನೆಟ್ಟಗಣ್ಣನಿಗೆ ಆ ಸೀಟು ಕಣ್ಣಿಗೆ ಬಿದ್ದ ಕಸದ ಹಾಗಾಯಿತು. ಇಷ್ಟು ಓದಿದ ಮನುಷ್ಯ, ಒಂದು ನಟ್ಟು ಸಡಿಲಿಸಿ ಸೀಟು ಏರಿಸಿಕೊಳ್ಳುವುದು ಗೊತ್ತಿಲ್ಲವೇ? ಇನ್ನೊಂದು ವರ್ಷ ಹೀಗೇ ಓಡಿಸಿದರೆ ಮೊಣಕಾಲು ಕೈಕೊಡುತ್ತದೆ. ಊಟ ಮಾಡುವಾಗಲೂ ಅವನು ಅದನ್ನೇ ಹೇಳಿದ.

“ಅವರ ಮೊಣಕಾಲು, ಅವರ ಸೈಕಲ್ಲು. ನಿಮಗೇನು?” ಎಂದಳು ಹೆಂಡತಿ.

ಒಂದು ದಿನ ಲೈಬ್ರರಿ ಸರ್ ಬಂದು ಒಂದು ಟ್ಯೂಬು ಕೊಂಡರು. ಎದುರುಗಡೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಗಿದೆ, ಒಂದು ಗಂಟೆ ಸೈಕಲ್ಲು ಇಲ್ಲೇ ಇರಲೇ ಎಂದು ಗಲ್ಲಾದಲ್ಲಿ ಕೇಳಿದರು. “ಧಾರಾಳವಾಗಿ ನಿಲ್ಲಿಸಿ ಸರ್, ಎಲ್ಲಿಗೂ ಹೋಗಲ್ಲ” ಎಂದಳು ಅವಳು. ಆಮೇಲೆ ಅವಳು ಒಳಗಿನ ಕೋಣೆಯಲ್ಲಿ ಹೊಸದಾಗಿ ಬಂದ ಟೈರುಗಳನ್ನು ಬಿಚ್ಚಿ ಜೋಡಿಸಲು ಹೋದಳು.

ಒಂದು ಗಂಟೆ. ಅವನಿಗೆ ಅಷ್ಟು ಸಾಕಾಯಿತು. ಸೀಟಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಾದು, ತಿರುಗಿಸಿದ. ಸೀಟನ್ನು ಅದರ ಪೈಪಿನ ಸಮೇತ ಹೊರಗೆಳೆದ. ಪೈಪಿನ ಸುತ್ತ, ಅದು ಎಷ್ಟು ಒಳಗಿತ್ತೋ ಅಲ್ಲಿಗೆ ಸರಿಯಾಗಿ, ತುಕ್ಕಿನದೊಂದು ಬಳೆಯಂಥ ಗೆರೆ ಕೂತಿತ್ತು. ಉಪ್ಪುಕಾಗದ ಹಿಡಿದು ಪೈಪನ್ನು ಮೇಲಿಂದ ಕೆಳಗಿನವರೆಗೆ ತಿಕ್ಕಿ ಬೆಳ್ಳಗೆ ಮಾಡಿದ. ಗ್ರೀಸು ಸವರಿ ಕೂರಿಸಿ, ಲೈಬ್ರರಿ ಸರ್ ಕಾಲಿನ ಉದ್ದವನ್ನು ಕಣ್ಣಂದಾಜಿನಲ್ಲೇ ಅಳೆದು, ಎಷ್ಟು ಬೇಕೋ ಅಷ್ಟು ಏರಿಸಿ ಬಿಗಿ ಮಾಡಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕೈ ಒರೆಸಿಕೊಂಡು, ಎಡಗಡೆಯ ಗೋಡೆಯ ಹತ್ತಿರ ಏನೋ ಕೆಲಸವಿರುವವನ ಹಾಗೆ ಕೂತ.

ಲೈಬ್ರರಿ ಸರ್ ಕೆನ್ನೆ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಇಂಜೆಕ್ಷನ್ನಿನಿಂದ ಅರ್ಧ ಮುಖ ಮರಗಟ್ಟಿತ್ತು. ಸ್ಟ್ಯಾಂಡಿನ ಎದುರು ಬಂದವರು ಮೊದಲು ಆಚೀಚೆ ನೋಡಿದರು, ತಮ್ಮ ಸೈಕಲ್ಲು ಯಾವುದೆಂದು ಹುಡುಕುವವರಂತೆ. ಆಮೇಲೆ ಸೀಟಿನ ಮೇಲೆ ಕೈಯಿಟ್ಟರು. ಕೈ ಅಲ್ಲೇ ಉಳಿಯಿತು.

“ಯಾರು ಏರಿಸಿದ್ದು ಇದನ್ನ?” ಮಾತು ತೊದಲಿತು.

“ನಾನೇ ಸರ್” ಎಂದು ನೆಟ್ಟಗಣ್ಣ ಎದ್ದು ಬಂದ. “ಏನೂ ಕೊಡೋದು ಬೇಡ. ನಿಮ್ಮಂಥ ಎತ್ತರದವರಿಗೆ ಇಷ್ಟಾದ್ರೂ ಇರಬೇಕು. ಒಂದ್ಸಲ ಹತ್ತಿ ನೋಡಿ.”

“ಎಷ್ಟು ಏರಿಸಿದ್ರಿ?”

“ನಾಲ್ಕು ಬೆರಳು. ಐದಿದ್ರೂ ಇರಬಹುದು.”

“ನಾಲ್ಕಾ, ಐದಾ?”

ಲೈಬ್ರರಿ ಸರ್ ಬಗ್ಗಿ, ಕನ್ನಡಕ ಹಣೆಗೇರಿಸಿ, ಪೈಪನ್ನು ಹತ್ತಿರದಿಂದ ನೋಡಿದರು. ಬೆರಳಿನಿಂದ ಸುತ್ತಲೂ ಸವರಿದರು. ಗ್ರೀಸು ಅಂಟಿತೇ ಹೊರತು ಬೇರೇನೂ ಸಿಗಲಿಲ್ಲ.

“ಇಲ್ಲೊಂದು ಗೆರೆ ಇತ್ತು.”

“ಅದು ತುಕ್ಕು ಸರ್. ತಿಕ್ಕಿಬಿಟ್ಟೆ.”

“ಅದು ನನ್ನ ಹೆಂಡತಿ ಸೈಕಲ್ಲು” ಎಂದರು ಅವರು. “ಅವಳು ತೀರಿಕೊಂಡು ಎರಡು ವರ್ಷ ಆಯ್ತು. ಕೊನೇ ಸಲ ಇಳಿದಾಗ ಹೇಗಿತ್ತೋ ಹಾಗೇ ಇಟ್ಟಿದ್ದೆ. ಅದು ಅವಳು ಕೂರ್ತಿದ್ದ ಎತ್ತರ.”

ಮರಗಟ್ಟಿದ ಕೆನ್ನೆಯ ಮೇಲೆ ನೀರು ಇಳಿಯಿತು. ಅದು ಅವರಿಗೆ ಗೊತ್ತಾಗಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಸೈಕಲ್ಲನ್ನು ಸ್ಟ್ಯಾಂಡಿನಿಂದ ಈಚೆಗೆಳೆದು, ಹತ್ತದೆ, ತಳ್ಳಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾದರು. ನೆಟ್ಟಗಣ್ಣ ತಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಪ್ಪತ್ತಾರು ವರ್ಷ ಹೇಳಿದ್ದನ್ನು ಆಗ ಹೇಳಲಿಲ್ಲ, ಒಳಗೆ ಹೋಗಿ ಅವನಿಗೆ ಒಂದು ಲೋಟ ನೀರು ತಂದುಕೊಟ್ಟಳು.

ಅಂದಿನಿಂದ ಅವನು ಸ್ಟ್ಯಾಂಡಿನ ಕಡೆ ಹೋಗುವುದನ್ನೇ ಬಿಟ್ಟ. ಕಣ್ಣೆದುರು ಚೈನು ಒಣಗಿ ಕಿರುಗುಟ್ಟಿದರೂ ಎದ್ದೇಳುತ್ತಿರಲಿಲ್ಲ. ಹಾಲು ಹಾಕುವವನೊಬ್ಬ, “ಏನಣ್ಣ, ಮಡ್‌ಗಾರ್ಡ್ ಗಲಗಲ ಅಂತಿದೆ, ನಿನ್ನ ಕಣ್ಣಿಗೆ ಬೀಳಲೇ ಇಲ್ವಾ? ವಯಸ್ಸಾಯ್ತು ಬಿಡು” ಎಂದು ಕೀಟಲೆ ಮಾಡಿದ. ನೆಟ್ಟಗಣ್ಣ ಎಡಗಡೆಯ ಗೋಡೆಯ ಕಡೆ ತಿರುಗಿ ಕೂತ. ಕಣ್ಣು ಮುಚ್ಚಿದರೆ ತನ್ನ ಕೈಯೇ ಕಾಣುತ್ತಿತ್ತು, ಉಪ್ಪುಕಾಗದ ಹಿಡಿದು ಆ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಕೈ. ಎಷ್ಟು ಹುಮ್ಮಸ್ಸಿನಿಂದ ತಿಕ್ಕಿದ್ದ! ಅದನ್ನು ನೆನೆದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಮೂರು ವಾರ ಲೈಬ್ರರಿ ಸರ್ ಬರಲಿಲ್ಲ. ಎರಡು ಸಲ ಅಂಗಡಿಯ ಮುಂದೆಯೇ ನಡೆದುಹೋದರು, ಸೈಕಲ್ಲಿಲ್ಲದೆ, ಈ ಕಡೆ ನೋಡದೆ.

“ನೀವೇ ಹೋಗಿ ಬನ್ನಿ” ಎಂದಳು ಹೆಂಡತಿ.

“ಹೋಗಿ ಏನು ಹೇಳ್ಲಿ?”

“ಏನೂ ಹೇಳ್ಬೇಡಿ. ಸ್ಪಾನರ್ ತಗೊಂಡು ಹೋಗಿ.”

ಗ್ರಂಥಾಲಯಕ್ಕೆ ಮಧ್ಯಾಹ್ನದ ಬಿಡುವು. ಹಿಂದುಗಡೆಯ ಸಿಮೆಂಟಿನ ಅಂಗಳದಲ್ಲಿ ಹರಿದ ಪುಸ್ತಕಗಳ ಕಟ್ಟುಗಳು ಬಿಸಿಲಿಗಿದ್ದವು, ಮೆಟ್ಟಿಲಿನ ಕೆಳಗೆ ಆ ಸೈಕಲ್ಲು ನಿಂತಿತ್ತು. ಲೈಬ್ರರಿ ಸರ್ ಅವನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

“ತಪ್ಪಾಯ್ತು ಸರ್. ಹೊಟ್ಟೆಗೆ ಹಾಕ್ಕೊಳ್ಳಿ.”

“ನೀವು ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ, ಗೊತ್ತು” ಎಂದರು ಅವರು. “ನಾನೇ ಇಳಿಸಿ ನೋಡಿದೆ. ಹತ್ತು ಸಲ ಇಳಿಸಿದೆ, ಹತ್ತು ಸಲ ಏರಿಸಿದೆ. ಯಾವುದೂ ಅದಲ್ಲ ಅನ್ಸುತ್ತೆ. ಆಮೇಲೆ ಎಲ್ಲವೂ ಅದೇ ಅನ್ಸುತ್ತೆ. ಹುಚ್ಚು ಹಿಡಿದ ಹಾಗಾಗಿ ಬಿಟ್ಟುಬಿಟ್ಟೆ.”

ನೆಟ್ಟಗಣ್ಣ ಸೈಕಲ್ಲನ್ನು ಬಿಸಿಲಿಗೆ ತಂದು ನಿಲ್ಲಿಸಿದ. ಅವನಿಗೆ ಗೊತ್ತಿದ್ದ ದಾರಿ ಒಂದೇ. ಆಳಿನ ಎತ್ತರ ಗೊತ್ತಾದರೆ ಸೀಟಿನ ಎತ್ತರ ಹೇಳಬಲ್ಲ.

“ಅಮ್ಮನವರು ಎಷ್ಟು ಎತ್ತರ ಇದ್ರು ಸರ್?”

“ನನಗೆ ಇಲ್ಲಿಗೆ ಬರ್ತಿದ್ಲು” ಎಂದು ಅವರು ಎದೆಯ ಮೇಲೆ ಅಂಗೈ ಇಟ್ಟರು. ಇಟ್ಟವರು ಅನುಮಾನಿಸಿ ಭುಜದ ಹತ್ತಿರ ಒಯ್ದರು. ಮತ್ತೆ ಕೆಳಗೆ ತಂದರು. ಕೈ ಗಾಳಿಯಲ್ಲಿ ಏರಿತು, ಇಳಿಯಿತು. ಮೂವತ್ತು ವರ್ಷ ಪಕ್ಕದಲ್ಲಿ ನಡೆದವಳ ತಲೆ ತಮಗೆ ಎಲ್ಲಿಗೆ ಬರುತ್ತಿತ್ತು ಎಂಬುದು ಆ ಕೈಗೆ ಸಿಗುತ್ತಿರಲಿಲ್ಲ. ಅವರು ಕೈ ಕೆಳಗಿಳಿಸಿ ಅವನ ಮುಖ ನೋಡಿದರು. ದೊಡ್ಡ ಮನುಷ್ಯರ ಮುಖದಲ್ಲಿ ಅಂಥ ಹೆದರಿಕೆಯನ್ನು ಅವನು ಕಂಡಿರಲಿಲ್ಲ.

“ನನಗೇ ಗೊತ್ತಾಗ್ತಿಲ್ಲ. ಇದೊಂದು ಸರಿಯಾಗಿತ್ತು. ಇದೊಂದರಲ್ಲಿ ಅನುಮಾನ ಇರಲಿಲ್ಲ.”

ಸುಳ್ಳು ಹೇಳಿಬಿಡಬಹುದಿತ್ತು. ಒಂದು ಎತ್ತರಕ್ಕೆ ಬಿಗಿ ಮಾಡಿ, ಇದೇ ಸರ್, ನನಗೆ ಈಗ ನೆನಪಾಯ್ತು ಎಂದರೆ ಅವರು ನಂಬುತ್ತಿದ್ದರು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ಅದನ್ನು ನುಂಗಿಕೊಂಡ. ಗಿರಾಕಿ ಎದುರಿಗೆ ಬಂದು ನಿಂತಾಗ ಕೇಳುವ ಮಾತನ್ನೇ, ಬೇರೇನೂ ತೋಚದೆ, ಕೇಳಿದ.

“ಇಷ್ಟು ದಿನ ಓಡಿಸಿದ್ರಲ್ಲ ಸರ್, ನಿಮಗೆ ಎಲ್ಲಿ ನೋಯ್ತಿತ್ತು?”

“ನೋವಾ?”

“ನೋಯದೆ ಇರೋಕೆ ಸಾಧ್ಯವೇ ಇಲ್ಲ. ಎಲ್ಲಿ?”

ಅವರು ಯೋಚಿಸಬೇಕಾಗಲಿಲ್ಲ. ಬಗ್ಗಿ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ, ಸ್ವಲ್ಪ ಒಳಮಗ್ಗುಲಿಗೆ, ಹೆಬ್ಬೆಟ್ಟು ಒತ್ತಿ ತೋರಿಸಿದರು. “ಇಲ್ಲಿ. ಎರಡು ವರ್ಷ ದಿನಾ ಇಲ್ಲೇ. ಈಗ ಮೂರು ವಾರದಿಂದ ಇಲ್ಲ.”

ಈ ಕೈ ಏರಲಿಲ್ಲ, ಇಳಿಯಲಿಲ್ಲ. ನೆಟ್ಟಗಣ್ಣ ಮಂಡಿಯೂರಿ ಕೂತು ನಟ್ಟು ಸಡಿಲಿಸಿದ. ಸೀಟನ್ನು ಎರಡು ಬೆರಳು ಇಳಿಸಿ, “ಅಂಗಳದಲ್ಲಿ ಒಂದು ಸುತ್ತು ಹಾಕಿ ಬನ್ನಿ” ಎಂದ.

ಪುಸ್ತಕದ ಕಟ್ಟುಗಳನ್ನು ಬಳಸಿಕೊಂಡು ಅವರು ಸುತ್ತು ಹಾಕಿ ಬಂದರು. “ಏನೂ ಇಲ್ಲ.”

ಇನ್ನೊಂದು ಬೆರಳು ಇಳಿಸಿದ. “ತೊಡೆ ಹಿಡೀತಿದೆ. ಮೊಣಕಾಲಲ್ಲ.”

ಇನ್ನರ್ಧ. “ಮೊಣಕಾಲಿಗೆ ಬಂತು. ಆದ್ರೆ ಚಿಪ್ಪಿನ ಮೇಲ್ಗಡೆ.”

ಅವನು ಈಗ ನೂಲಿನಷ್ಟು ನೂಲಿನಷ್ಟು ಇಳಿಸತೊಡಗಿದ. ಜನರ ನೋವು ತಪ್ಪಿಸಿಯೇ ಹೊಟ್ಟೆ ಹೊರೆದವನು, ಹೀಗೆ ಒಂದು ನೋವನ್ನು ಹುಡುಕಿಕೊಂಡು ಹೊರಟದ್ದು ಇದೇ ಮೊದಲು. ಬೆವರು ಕಣ್ಣಿಗಿಳಿಯುತ್ತಿತ್ತು. ಒಂದು ಸಲ ಹೆಚ್ಚಾಯಿತು, “ಇಷ್ಟು ಕೆಳಗಲ್ಲ, ಇದು ಬೇರೆ ಥರ ನೋಯ್ತಿದೆ” ಎಂದರು, ಕೂದಲೆಳೆಯಷ್ಟು ಮೇಲೆತ್ತಿದ. ಅವರು ಹತ್ತಿ ಹೊರಟರು.

ಈ ಸಲ ಒಂದು ಸುತ್ತಿಗೆ ನಿಲ್ಲಲಿಲ್ಲ. ಎರಡನೆಯ ಸುತ್ತು ಹಾಕಿದರು, ಮೂರನೆಯದನ್ನೂ ಹಾಕಿದರು. ಮೊಣಕಾಲುಗಳು ಆಚೆ ಈಚೆ ಚಾಚಿ, ಬೆನ್ನು ಬಾಗಿ, ತುಟಿ ಕಚ್ಚಿಕೊಂಡು, ಪುಸ್ತಕಗಳ ನಡುವೆ ಆ ಉದ್ದನೆಯ ಆಳು ಪುಟ್ಟ ಸೈಕಲ್ಲು ತುಳಿಯುತ್ತಿದ್ದರು. ನೆಟ್ಟಗಣ್ಣ ಕರೆಯಲಿಲ್ಲ. ಕೊನೆಗೆ ಅವರೇ ಬಂದು ಅವನ ಮುಂದೆ ಕಾಲೂರಿ ನಿಂತರು. ಇಳಿಯಲಿಲ್ಲ. ಅವನು ಆ ಎತ್ತರಕ್ಕೇ ನಟ್ಟು ಬಿಗಿ ಮಾಡಿದ, ಎರಡೂ ಕೈಯಿಂದ, ಇದ್ದ ಶಕ್ತಿಯನ್ನೆಲ್ಲ ಹಾಕಿ.

“ನೋಯ್ತಿದೆಯಾ ಸರ್?” ಎಂದು ತಲೆ ಎತ್ತದೆ ಕೇಳಿದ.

“ಹೂಂ, ತುಂಬಾ ನೋಯ್ತಿದೆ” ಎಂದು ಲೈಬ್ರರಿ ಸರ್ ಮತ್ತೆ ಪೆಡಲಿನ ಮೇಲೆ ಕಾಲಿಟ್ಟರು.