ಬಸ್ಸಾರಿಗೆ ಜರ್ಮನಿಯ ಬಾವುಟ

ಓರಗಿತ್ತಿಯ ಬ್ಲಾಗ್ ಓದುವುದಕ್ಕೆಂದೇ ಜಯದೇವಿ ಬೆಳಗಿನ ಕಸಮುಸುರೆ ಬೇಗ ಮುಗಿಸುತ್ತಿದ್ದಳು. ಓದಿ ಖುಷಿಪಡಲಿಕ್ಕಲ್ಲ, ಉರಿದುಕೊಳ್ಳಲಿಕ್ಕೆ. ಬೆಂಗಳೂರಿನ ಹೇರೋಹಳ್ಳಿಯ ಆ ಮನೆಯಲ್ಲಿ ಅತ್ತೆ ಹನುಮಕ್ಕನ ಜೊತೆ ಕೆಳಗಡೆ ಇದ್ದವಳು ಹಿರಿಸೊಸೆ ಜಯದೇವಿ. ಮಹಡಿಯ ಮೇಲೆ ಕಿರಿಸೊಸೆ ಸ್ಪಂದನ. ಬಣ್ಣ, ಇಂಗ್ಲಿಷ್, ಸ್ಕೂಟರ್ ಓಡಿಸುವುದು, ಎಲ್ಲದರಲ್ಲೂ ಸ್ಪಂದನಳೇ ಮುಂದು. ಜಯದೇವಿಗೆ ಅಂತ ಉಳಿದದ್ದು ಬಸ್ಸಾರು ಒಂದೇ. ನೆಂಟರು ಬಂದರೆ ಹನುಮಕ್ಕ, "ಸಾರು ದೊಡ್ಡೋಳೇ ಮಾಡ್ಲಿ, ಅವಳ ಕೈರುಚಿ ಇನ್ಯಾರ್ಗೂ ಬರಲ್ಲ" ಎನ್ನುತ್ತಿದ್ದಳು. ಆ ಒಂದು ಮಾತನ್ನು ಜಯದೇವಿ ತಾಳಿಯಷ್ಟೇ ಜೋಪಾನ ಮಾಡಿಕೊಂಡಿದ್ದಳು.

ಈಗ ಸ್ಪಂದನ ಬ್ಲಾಗಿನಲ್ಲಿ ಬಸ್ಸಾರನ್ನೇ ಬರೆದಿದ್ದಳು. ಫೋಟೋ ಬೇರೆ!

ಜಯದೇವಿಯ ಹೊಟ್ಟೆಗೆ ಬೆಂಕಿ ಬಿತ್ತು. ಆ ಸಾರಿನ ಮಾನ ಕಳೆಯಬೇಕು, ಕಳೆದವಳು ತಾನೆಂದು ಗೊತ್ತಾಗಬಾರದು. ಬ್ಲಾಗಿನ ಅಂಚಿನಲ್ಲಿ ಯಾರು ಯಾವ ದೇಶದಿಂದ, ಯಾವ ಊರಿನಿಂದ ಬಂದರೆಂದು ತೋರಿಸುವ ಬಾವುಟಗಳ ಸಾಲಿತ್ತು. ಬೈಗುಳದ ಪಕ್ಕ ಬೆಂಗಳೂರು ಅಂತ ಬಿದ್ದರೆ ಸ್ಪಂದನಳಿಗೆ ಮೊದಲು ಅನುಮಾನ ಬರುವುದೇ ಕೆಳಮನೆಯ ಮೇಲೆ. ಪೇಪರಿನ ಕಂಪ್ಯೂಟರ್ ಅಂಕಣದಲ್ಲಿ, ಇಂಟರ್ನೆಟ್ಟಿನಲ್ಲಿ ನಮ್ಮನ್ನು ಬೇರೆ ಯಾವುದೋ ದೇಶದವರಂತೆ ತೋರಿಸಿ ಗುರುತು ಮುಚ್ಚುವ ಉಚಿತ ಸಾಫ್ಟ್‌ವೇರ್ ಒಂದರ ಬಗ್ಗೆ ಓದಿದ್ದು ಅವಳಿಗೆ ನೆನಪಾಯಿತು. ಗಂಡನ ಕಂಪ್ಯೂಟರಿನಲ್ಲಿ ಡೌನ್‌ಲೋಡಿಗೆ ಹಾಕಿ ಸೊಪ್ಪು ಬಿಡಿಸಿದಳು, ಅಕ್ಕಿ ಆರಿಸಿದಳು. ಇನ್ನೇನು ಮುಗಿಯಬೇಕು, ಕರೆಂಟ್ ಹೋಯಿತು. ಮತ್ತೆ ಮೊದಲಿಂದ. ಕೊನೆಗೂ ಪರದೆಯ ಮೂಲೆಯಲ್ಲಿ ಪುಟ್ಟದೊಂದು ಈರುಳ್ಳಿಯ ಚಿತ್ರ ಹಳದಿಯಿಂದ ಹಸಿರಾಯಿತು. ಕೆಲಸ ಶುರುವಾಯಿತು ಅಂತ ಅರ್ಥ.

"ಇದು ಬಸ್ಸಾರಲ್ಲ, ಬಿಸಿನೀರು" ಎಂದು ಬ್ಲಾಗಿನ ಬರಹದ ಕೆಳಗೆ ಹೆಸರು ಹಾಕದೆ ಬರೆದಳು. ಅಂಚಿನಲ್ಲಿ ಜರ್ಮನಿಯ ಬಾವುಟ ಬಿತ್ತು.

ಸಂಜೆ ಸ್ಪಂದನ ಓಡುತ್ತಾ ಕೆಳಗಿಳಿದು ಬಂದಳು.

"ಅಕ್ಕಾ, ಜರ್ಮನಿಯಿಂದ ಯಾರೋ ನನ್ ಬ್ಲಾಗ್ ಓದ್ತಾ ಇದಾರೆ!"

"ಏನಂತೆ?"

"ಬೈದಿದಾರೆ. ಬೈದ್ರೇನಕ್ಕ, ಅಷ್ಟು ದೂರ ಕೂತ್ಕೊಂಡು ನನ್ನ ಸಾರಿಗೆ ಬೈದಿದಾರಲ್ಲ!"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಜಯದೇವಿ ದಿನವೂ ಬೈದಳು. ಒಂದು ದಿನ ಸ್ವೀಡನ್ನಿನ ಬಾವುಟ ಬಿತ್ತು, ಇನ್ನೊಂದು ದಿನ ಹಾಲೆಂಡಿನದು. ಅತ್ತೆಯ ಬಿಪಿ ಮಾತ್ರೆ ತರಲು ಮರೆತರೂ 'ಹೊಸ ಆವೃತ್ತಿ ಬಂದಿದೆ' ಎಂದು ಸಾಫ್ಟ್‌ವೇರ್ ಕೇಳಿದ ಗಳಿಗೆಯಲ್ಲೇ ಅಪ್‌ಡೇಟ್ ಮಾಡುತ್ತಿದ್ದಳು. ಅತ್ತ ಹನುಮಕ್ಕ, "ನಮ್ ಚಿಕ್ಕೋಳ ಅಡುಗೇನ ಫಾರಿನ್ನೋರೆಲ್ಲ ಓದ್ತಾರೆ" ಎಂದು ಸೊಪ್ಪಿನವಳ ಹತ್ತಿರವೂ ಹೇಳಿಕೊಂಡು ತಿರುಗಿದಳು.

ಒಂದು ದಿನ ಸ್ಪಂದನ ಬ್ಲಾಗಿನಲ್ಲಿ ಉತ್ತರ ಬರೆದಳು: "ಜರ್ಮನಿಯವರೇ, ತಪ್ಪೇನೆಂದು ದಯವಿಟ್ಟು ಹೇಳಿಕೊಡಿ. ತಿದ್ದಿಕೊಳ್ಳುತ್ತೇನೆ."

ಕೇಳುವ ಒಯ್ಯಾರ ನೋಡು! ಜಯದೇವಿಯ ಬೆರಳುಗಳು ತಡೆಯಲಿಲ್ಲ. "ಹಸಿ ಈರುಳ್ಳಿ ರುಬ್ಬಿದರೆ ಬಸ್ಸಾರಾಗುತ್ತದೆಯೇ? ಸಿಪ್ಪೆ ಸಮೇತ ಕಪ್ಪಗಾಗುವ ತನಕ ಕೆಂಡದಲ್ಲಿ ಸುಡಬೇಕು. ಬೆಳ್ಳುಳ್ಳಿಯನ್ನೂ ಸುಡಬೇಕು. ಅಷ್ಟೂ ತಿಳಿಯದವಳು ಸೌಟು ಹಿಡಿಯಬಾರದು." ಕಳಿಸುವ ಗುಂಡಿ ಒತ್ತಿಯಾದ ಮೇಲೆ ಅವಳಿಗೆ ಎಚ್ಚರವಾಯಿತು. ಅದು ಅವಳ ಅವ್ವ ಹೇಳಿಕೊಟ್ಟ ಗುಟ್ಟು. ಈ ಮನೆಯಲ್ಲಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಳಿಸಲು ಹೋದರೆ ಆಗಲಿಲ್ಲ. ಹೆಸರಿಲ್ಲದೆ ಬರೆದದ್ದನ್ನು ತನ್ನದೆಂದು ಅಳಿಸುವುದಾದರೂ ಹೇಗೆ?

ಭಾನುವಾರ ಹತ್ತಿರದ ಶ್ರೀಗಂಧದ ಕಾವಲು ಬಡಾವಣೆಯಿಂದ ಹನುಮಕ್ಕನ ಅಣ್ಣ ಚಿಕ್ಕಣ್ಣ ಊಟಕ್ಕೆ ಬಂದ. ಸಾರು ಮಾಡಲೆಂದು ಜಯದೇವಿ ಅಟ್ಟದಿಂದ ಪಾತ್ರೆ ಇಳಿಸುವಷ್ಟರಲ್ಲಿ ಅತ್ತೆ, "ಇವತ್ತು ಸಾರು ಚಿಕ್ಕೋಳು ಮಾಡವ್ಳೆ. ನೀನು ಮುದ್ದೆ ಕಟ್ಟಮ್ಮ" ಎಂದಳು.

ಚಿಕ್ಕಣ್ಣ ಮುದ್ದೆ ಅದ್ದಿ ನುಂಗಿ ಕಣ್ಣು ಮುಚ್ಚಿದ. "ಹನುಮಕ್ಕ, ಇದು ದೊಡ್ಡೋಳು ಮಾಡೋದಕ್ಕಿಂತ ಒಂದು ಕೈ ಮೇಲೇ ಕಣೇ."

"ಹೂಂ ಕಣಣ್ಣ" ಎಂದಳು ಹನುಮಕ್ಕ.

"ಜರ್ಮನಿಯೋರು ಹೇಳ್ಕೊಟ್ಟಿದ್ದು ಮಾವ" ಎಂದು ಸ್ಪಂದನ ನಾಚಿಕೊಂಡಳು.

ಮುದ್ದೆ ಕೋಲು ಹಿಡಿದೇ ಜಯದೇವಿ ಅಡುಗೆಮನೆಯಿಂದ ಹೊರಗೆ ಬಂದಳು. "ಯಾವ ಜರ್ಮನಿಯೋರೂ ಇಲ್ಲ! ಈರುಳ್ಳಿ ಸುಡೋಕೆ ಹೇಳ್ಕೊಟ್ಟಿದ್ದು ನಾನು! ನಾನೇ!"

ಸ್ಪಂದನ ಪಾಪ ಅನ್ನುವಂತೆ ಅವಳನ್ನು ನೋಡಿ ತಲೆ ತಗ್ಗಿಸಿದಳು.

"ಹೊಟ್ಟೆ ಉರ್ಕೊಳ್ಳೋಕೂ ಒಂದು ಲೆಕ್ಕ ಬೇಡ್ವೇನಮ್ಮ?" ಎಂದಳು ಹನುಮಕ್ಕ ಬೆರಳು ನೆಕ್ಕುತ್ತಾ. "ನೀನ್ಯಾವಾಗ ಜರ್ಮನಿಗೆ ಹೋಗಿದ್ದೆ?"

ಆಮೇಲೆ ತಟ್ಟೆಯನ್ನು ಸ್ಪಂದನಳ ಕಡೆ ಸರಿಸಿ, ಇನ್ನೊಂದು ಸೌಟು ಹಾಕೆಂದಳು.