ತವರಿನ ಬುತ್ತಿ

ಸಾಬಮ್ಮನ ಹೆಣ ಎತ್ತುವ ಹೊತ್ತಿಗೆ ಜುಬೇದಾ ಅಡ್ಡ ಬಂದು ನಿಂತಳು.

"ತಡೀರಿ. ಮಣ್ಣು ಕೊಟ್ಟು ಬಂದಮ್ಯಾಗ ಬುತ್ತಿ ಯಾರು ತರ್ತಾರ?"

"ಅಕಿ ತಮ್ಮ ಗುಂಡಣ್ಣಗ ಕಲಬುರ್ಗಿಗೆ ಹೇಳಿ ಕಳಿಸೀವಿ," ಅಂದ ಮಾಪಣ್ಣ. ಊರಿನ ಹಿರಿತನವೆಲ್ಲ ಈಗ ಅವನದೇ.

"ಬಂದಾನೇನು?"

ಮಾಪಣ್ಣ ಕೆಮ್ಮಿದ. 'ಸಾಬರ ಜೋಡಿ ಕೂತು ಉಂಡಾಕಿ ನನಗ ಅಕ್ಕ ಅಲ್ಲ' ಎಂದು ತಮ್ಮ ಹೇಳಿ ಕಳಿಸಿದ್ದು ಕಮಲಾಪುರಕ್ಕೆಲ್ಲ ಗೊತ್ತಿತ್ತು. ಸತ್ತವಳ ತವರಿನಿಂದ ಬುತ್ತಿ ಬರದೆ ಆ ಮನೆಯವರು ತುತ್ತು ಮುಟ್ಟುವಂತಿಲ್ಲ. ಬುತ್ತಿ ಬರಲಿಲ್ಲವೆಂದರೆ ಸತ್ತವಳು ಯಾರ ಮಗಳೂ ಅಲ್ಲವೆಂದೇ ಅರ್ಥ.

"ನಾ ತರ್ತೀನಿ," ಅಂದಳು ಜುಬೇದಾ.

"ನೀ ಅಕಿಗೆ ಏನಾಗಬೇಕವ್ವಾ?" ಮಾಪಣ್ಣ ನಕ್ಕ.

ಜುಬೇದಾ ಪಕ್ಕಕ್ಕೆ ಸರಿದಳು. ಹೆಣ ಮುಂದೆ ಹೋಯಿತು.

*

ಸಾಬಮ್ಮನ ಗಂಡನನ್ನು ಹಿಂದೆ ನಿಜಾಮನ ಕಡೆಯ ರಜಾಕಾರರು ಕೊಂದು ಮನೆ ಸುಟ್ಟಿದ್ದರು. ಆಮೇಲೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಜುಬೇದಾಳ ಮಗ ಮಕ್ಸೂದನನ್ನು ಎಳೆದೊಯ್ದವರು ತಿರುಗಿ ತರಲಿಲ್ಲ. ರಜಾಕಾರರಿಗೆ ಸಲಾಮು ಹೊಡೆದ ಕೈಗಳೇ ಈಗ ಗಾಂಧಿ ಟೋಪಿ ಸರಿಮಾಡಿಕೊಂಡು ಮೆರೆದವು. ಮಕ್ಕಳನ್ನು ಕಳಕೊಂಡ ಮುದುಕರತ್ತ ಆ ದೊಡ್ಡವರಲ್ಲಿ ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ.

ನೋಡಿದವಳು ಬಾಳೆತೋಟದ ಕೂಲಿ ಸಾಬಮ್ಮ. ದಾರಿಹೋಕರು ತಂಗುತ್ತಿದ್ದ, ಈಗ ಪಾಳುಬಿದ್ದ ಮುಸಾಫರಖಾನೆ ಗುಡಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಜುಬೇದಾಳ ಬಾಗಿಲಿಗೆ ಬಂದಳು.

"ಏಳು. ಎಷ್ಟಂತ ಗ್ವಾಡಿ ನೋಡ್ಕೋತ ಕೂಡ್ತಿ?"

"ನಿನ್ನ ಗಂಡನ್ನ ಕೊಂದವರು ನಮ್ಮವರ ಅಲ್ಲೇನ?"

"ಕೊಂದವರೆಲ್ಲ ಉಂಡು ಮಲಗ್ಯಾರ. ನಾವ್ಯಾಕ ಉಪಾಸ ಸಾಯಬೇಕು? ಬಾ, ಜೋಳ ಹಸನ ಮಾಡು."

ಅಂದಿನಿಂದ ಹಿಂದೂಗಳ, ಸಾಬರ ಎರಡೂ ಓಣಿಯ ಮುದುಕರು ಮಧ್ಯಾಹ್ನ ಅಲ್ಲಿ ಸೇರಿ ಉಂಡರು. ಉಂಡಮೇಲೆ ಚೌಕಾಬಾರ. ಸಾಬಮ್ಮ ಮೋಸ ಮಾಡುತ್ತಿದ್ದಳು. ಹಿಡಿದರೆ ಹಿಡಿದವರಿಗೇ ಬೈಗುಳ. ನಗು ಮರೆತ ಬಾಯಿಗಳು ನಗುತ್ತಿದ್ದವು. ಆದರೆ ರೊಟ್ಟಿ ಬಡಿಯುವವಳು ಅವಳೊಬ್ಬಳೇ. ಬೇರೆ ಜಾತಿಯ ಕೈ ಹಿಟ್ಟಿಗೆ ಬಿದ್ದರೆ ಅವಳದೇ ಜಾತಿಯ ಮುದುಕ ಮಾಣಿಕಪ್ಪ ಎದ್ದು ಹೋಗುತ್ತಿದ್ದ. ಅವನ ಹಿಂದೆ ಅರ್ಧ ಪಂಕ್ತಿ.

*

ಮಣ್ಣು ಕೊಟ್ಟವರು ಬಾವಿಯಲ್ಲಿ ಮಿಂದು ಬಂದು ಮುಸಾಫರಖಾನೆಯಲ್ಲಿ ಕುಳಿತಿದ್ದರು. ಸಾಬಮ್ಮನ ಮನೆಯೆಂದರೆ ಅದೇ, ಮನೆಯವರೆಂದರೆ ಆ ಮುದುಕರೇ. ಹೊತ್ತು ಬಾಗಿತ್ತು, ಹೊಟ್ಟೆ ಚುರುಗುಡುತ್ತಿತ್ತು.

ಜುಬೇದಾ ಬುಟ್ಟಿ ಹೊತ್ತು ಬಂದು ಹೊಸ್ತಿಲಲ್ಲಿ ನಿಂತಳು. ಬುತ್ತಿಯನ್ನು ತಂದವರು ಇಳಿಸುವಂತಿಲ್ಲ. ಮನೆಯವರು ಎದ್ದುಬಂದು ಇಳಿಸಿಕೊಳ್ಳಬೇಕು.

"ಎಲ್ಲಿಂದು ಬುತ್ತಿ ಇದು?" ಕಟ್ಟೆಯ ಮೇಲಿಂದ ಮಾಪಣ್ಣ ಕೇಳಿದ.

"ಸಾಬಮ್ಮನ ತವರಿಂದು. ನಾ ಅಕಿ ಅಕ್ಕ."

ಯಾರೂ ಏಳಲಿಲ್ಲ. ಎಲ್ಲರ ಕಣ್ಣು ಮಾಣಿಕಪ್ಪನ ಮೇಲೆ. ಜುಬೇದಾ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದಳು.

ಮಾಣಿಕಪ್ಪ ಗೋಡೆ ಹಿಡಿದು ಎದ್ದ. ಹೊರಟನೆಂದು ಪಕ್ಕದಲ್ಲಿ ಕೂತಿದ್ದ ಪೀರಪ್ಪ ಕಾಲು ಮಡಚಿ ದಾರಿ ಬಿಟ್ಟ. ಗೂನುಬೆನ್ನಿನ ಮುದುಕ ಹೊಸ್ತಿಲಿಗೆ ಬಂದು ಎರಡೂ ಕೈ ಮೇಲೆತ್ತಿದ. ಬುಟ್ಟಿ ಸಿಗಲಿಲ್ಲ.

"ತುಸು ಬಗ್ಗು ಅಕ್ಕಾ. ನನಗ ನಿಲುಕವಲ್ದು."

ಜುಬೇದಾ ಮೊಣಕಾಲೂರಿದಳು. ಇಬ್ಬರ ಕೈಯಲ್ಲೂ ಓಲಾಡುತ್ತ ಬುಟ್ಟಿ ಕೆಳಗಿಳಿಯಿತು. ವಾಲಿದ ಗಡಿಗೆಯಿಂದ ಬಿಸಿ ಪುಂಡಿಪಲ್ಯ ಮಾಣಿಕಪ್ಪನ ಒದ್ದೆ ಧೋತರದ ಮೇಲೆ ಹಸಿರಾಗಿ ಹರಿಯಿತು.